ಎಐ ಪರ್ಸೆಂಟ್ ನೋಡಿ ಅಂಕ ಕತ್ತರಿಸಬೇಡಿ

ಪ್ರಶ್ನೆ: ನಾನು ಶಿಡ್ಲಘಟ್ಟದ ಒಂದು ಪದವಿ ಕಾಲೇಜಿನಲ್ಲಿ ವಾಣಿಜ್ಯ ವಿಭಾಗದ ಅತಿಥಿ ಉಪನ್ಯಾಸಕಿ. ಈ ಸಲ ಬಂದ ಅಸೈನ್‌ಮೆಂಟ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಧಾಟಿಯಲ್ಲಿದ್ದವು. ಅನುಮಾನ ಬಂದು, ಎಐ ಬರಹ ಪತ್ತೆ ಮಾಡುವ ಒಂದು ಉಚಿತ ವೆಬ್‌ಸೈಟ್‌ಗೆ ಹಾಕಿದೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಒಬ್ಬ ಹುಡುಗಿಯ ಬರಹಕ್ಕೆ ಶೇ 82 ಎಐ ಅಂತ ತೋರಿಸಿತು. ಆಂತರಿಕ ಅಂಕ ಕಡಿಮೆ ಮಾಡಿದೆ. ತಾನೇ ಬರೆದದ್ದು ಅಂತ ಅವಳು ಅಳುತ್ತಾಳೆ. ಈಗ ಪ್ರಾಂಶುಪಾಲರು ಎಐ ಬಳಕೆಗೆ ನಿಯಮ ಬರೆದುಕೊಡಿ ಎಂದು ನನಗೇ ಹೇಳಿದ್ದಾರೆ. ಪೂರ್ತಿ ನಿಷೇಧ ಮಾಡಬೇಕಾ? ನೋಟ್ಸ್‌ಗೆ, ಪ್ರಶ್ನೆಪತ್ರಿಕೆಗೆ ನಾನೂ ಬಳಸುತ್ತೇನೆ. ಅದು ತಪ್ಪಾ?

ಉತ್ತರ: ಮೇಡಂ, ನಿಯಮದ ವಿಷಯ ಆಮೇಲೆ ನೋಡೋಣ. ಮೊದಲು ಆ ಹುಡುಗಿಯ ಅಂಕ ವಾಪಸ್ ಕೊಡಿ. ಅವಳು ಎಐ ಬಳಸಿಯೇ ಇಲ್ಲ ಅಂತ ನಾನು ಹೇಳಲಾರೆ. ಆದರೆ ಬಳಸಿದ್ದಾಳೆ ಅನ್ನೋದಕ್ಕೆ ನಿಮ್ಮ ಹತ್ತಿರ ಸಾಕ್ಷಿ ಇಲ್ಲ. ವೆಬ್‌ಸೈಟ್ ತೋರಿಸಿದ 82 ಒಂದು ಅಂದಾಜು, ಅಷ್ಟೇ. ಅಂದಾಜಿನ ಮೇಲೆ ಒಂದು ಮಗುವಿನ ಅಂಕ ಕಳೆಯೋದು ಅನ್ಯಾಯ.

ಈ ಪತ್ತೆ ಸಾಧನಗಳು ಹೇಗೆ ಕೆಲಸ ಮಾಡುತ್ತವೆ ಅಂತ ಸ್ವಲ್ಪ ಹೇಳುತ್ತೇನೆ. ಚಾಟ್‌ಜಿಪಿಟಿ, ಜೆಮಿನಿಯಂಥ ಎಐಗಳು ಒಂದು ಪದದ ಮುಂದೆ ಯಾವ ಪದ ಬರುವ ಸಾಧ್ಯತೆ ಜಾಸ್ತಿ ಅಂತ ಲೆಕ್ಕ ಹಾಕುತ್ತಾ ವಾಕ್ಯ ಕಟ್ಟುತ್ತವೆ. ಪತ್ತೆ ಸಾಧನಗಳಲ್ಲಿ ಹೆಚ್ಚಿನವು ಇದನ್ನೇ ತಿರುಗಿಸಿ ನೋಡುತ್ತವೆ. ಮುಂದಿನ ಪದ ಸುಲಭವಾಗಿ ಊಹೆಗೆ ಸಿಕ್ಕರೆ ಯಂತ್ರದ ಬರಹ, ಊಹೆಗೆ ಸಿಗದಿದ್ದರೆ ಮನುಷ್ಯನ ಬರಹ ಅಂತ ತೂಗುತ್ತವೆ. ಈಗ ಯೋಚನೆ ಮಾಡಿ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ, ಪಿಯುಸಿಯಲ್ಲಿ ಇಂಗ್ಲಿಷ್‌ಗೆ ಬಂದ ಹುಡುಗಿ ಇಂಗ್ಲಿಷ್‌ನಲ್ಲಿ ಹೇಗೆ ಬರೆಯುತ್ತಾಳೆ? ಗೊತ್ತಿರುವ ಸ್ವಲ್ಪ ಪದಗಳಲ್ಲಿ, ಗೈಡ್‌ನಲ್ಲಿ ಓದಿದ ವಾಕ್ಯಗಳ ಅಚ್ಚಿನಲ್ಲಿ, ಎಲ್ಲೂ ತಪ್ಪಾಗಬಾರದು ಅಂತ ಹುಷಾರಾಗಿ ಬರೆಯುತ್ತಾಳೆ. ಅಂಥ ಬರಹದಲ್ಲಿ ಮುಂದಿನ ಪದ ಊಹೆಗೆ ಸಿಗದೆ ಇನ್ನೇನು? ಅವಳ ಹುಷಾರೇ ಅವಳ ಮೇಲೆ ಆರೋಪವಾಗಿ ಬಂದಿದೆ.

ಇದು ನನ್ನೊಬ್ಬನ ಅನಿಸಿಕೆ ಅಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ, ಇಂಗ್ಲಿಷ್ ಮಾತೃಭಾಷೆ ಅಲ್ಲದವರು ಟೋಫೆಲ್ ಅನ್ನುವ ಇಂಗ್ಲಿಷ್ ಭಾಷಾ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಏಳು ಪತ್ತೆ ಸಾಧನಗಳಿಗೆ ಹಾಕಿ ನೋಡಿದರು. ಎಲ್ಲವೂ ಮನುಷ್ಯರೇ ಬರೆದವು. ಆದರೂ ಸರಾಸರಿ ಶೇ 61ರಷ್ಟು ಪ್ರಬಂಧಗಳನ್ನು ಆ ಸಾಧನಗಳು ಎಐ ಬರೆದದ್ದು ಅಂದವು. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ತನ್ನದೊಂದು ಪತ್ತೆ ಸಾಧನ ಬಿಟ್ಟಿತ್ತು. ಅದು ಎಐ ಬರಹದಲ್ಲಿ ಶೇ 26ರಷ್ಟನ್ನು ಮಾತ್ರ ಹಿಡಿಯಿತು. ಮನುಷ್ಯರ ಬರಹದಲ್ಲಿ ಶೇ 9ರಷ್ಟನ್ನು ತಪ್ಪಾಗಿ ಹಿಡಿಯಿತು. ನಿಖರತೆ ಸಾಲದು ಅಂತ ಅದೇ ವರ್ಷದ ಜುಲೈನಲ್ಲಿ ಕಂಪನಿ ಅದನ್ನು ವಾಪಸ್ ತೆಗೆದುಕೊಂಡಿತು. ಶೇ 9 ಅಂದರೆ ಕಡಿಮೆ ಅನ್ನಿಸಬಹುದು. ನಿಮ್ಮ ತರಗತಿಯಲ್ಲಿ 60 ಮಕ್ಕಳಿದ್ದು, ಎಲ್ಲರೂ ತಾವೇ ಬರೆದಿದ್ದರೂ ಐದು ಮಕ್ಕಳ ಮೇಲೆ ಸುಮ್ನೆ ಕಳ್ಳರ ಪಟ್ಟ ಬರುತ್ತದೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ, ಯಾಕೆಂದರೆ ಸ್ಟಾಫ್ ರೂಮ್‌ಗಳಲ್ಲಿ ಇದು ತುಂಬಾ ಓಡಾಡುತ್ತಿದೆ. ಶೇ 10ರ ಒಳಗಿದ್ದರೆ ಪರವಾಗಿಲ್ಲ, ಮೇಲಿದ್ದರೆ ಕ್ರಮ ಅನ್ನುತ್ತಾರಲ್ವಾ, ಅದು ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ಕೃತಿಚೌರ್ಯ ತಡೆ ನಿಯಮದ ಲೆಕ್ಕ. ಅದರಲ್ಲಿ ಶೇ 10ರಿಂದ 40, 40ರಿಂದ 60, 60ಕ್ಕಿಂತ ಮೇಲೆ ಅಂತ ಹಂತಗಳಿವೆ. ಆದರೆ ಅದು ಅಳೆಯುವುದು ಬೇರೆಯವರ ಬರಹದ ಜೊತೆ ಎಷ್ಟು ಹೋಲಿಕೆ ಇದೆ ಅನ್ನೋದನ್ನು. ಎಐ ಪರ್ಸೆಂಟ್‌ಗೂ ಅದಕ್ಕೂ ಸಂಬಂಧ ಇಲ್ಲ. ಎಐ ಕೊಡುವ ವಾಕ್ಯ ಸಾಮಾನ್ಯವಾಗಿ ಎಲ್ಲಿಂದಲೂ ಹಾಗೇ ಎತ್ತಿದ್ದಲ್ಲ, ಆಗಲೇ ಕಟ್ಟಿದ್ದು. ಹಾಗಾಗಿ ಹೋಲಿಕೆ ನೋಡುವ ತಂತ್ರಾಂಶದಲ್ಲಿ ಪೂರ್ತಿ ಎಐ ಬರಹ ಕೂಡ ಸೊನ್ನೆ ಹತ್ತಿರ ಬರಬಹುದು. ಒಂದರ ಅಳತೆ ಇನ್ನೊಂದಕ್ಕೆ ಹಾಕಬೇಡಿ.

ಹಾಗಾದರೆ ಯಾರು ಬರೆದದ್ದು ಅಂತ ತಿಳಿಯೋದು ಹೇಗೆ? ಕೂರಿಸಿಕೊಂಡು ಮಾತಾಡಿಸಿ. ಐದು ನಿಮಿಷ ಸಾಕು. ಅಸೈನ್‌ಮೆಂಟ್ ನಿಮ್ಮೂರಿನ ರೀಲಿಂಗ್ ಉದ್ಯಮದ, ಅಂದರೆ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಕೆಲಸದ ಮೇಲೆ ಇತ್ತು ಅಂತಿಟ್ಟುಕೊಳ್ಳಿ. ನೀವು ಯಾರ ಮನೆಗೆ ಹೋಗಿದ್ರಿ, ಅವರು ನೂಲು ತೆಗೆಯೋದು ಚರಕದಲ್ಲಾ, ಕಾಟೇಜ್ ಬೇಸಿನ್ ಯಂತ್ರದಲ್ಲಾ? ಅವತ್ತು ತಂದ ಲಾಟು ಯಾವ ತಳಿಯ ಗೂಡು, ಸಿಬಿ ಅಂದರೆ ಮಿಶ್ರತಳಿಯಾ, ಬೈವೋಲ್ಟಿನ್ನಾ? ಒಂದು ಕೆಜಿ ನೂಲಿಗೆ ಎಷ್ಟು ಕೆಜಿ ಗೂಡು ಹೋಯಿತು ಅಂದರು? ನಿಜವಾಗಿ ಹೋಗಿ ಬಂದವಳು ಇಂಗ್ಲಿಷ್‌ನಲ್ಲಿ ತಡವರಿಸಿದರೂ ಕನ್ನಡದಲ್ಲಿ ಪಟಪಟ ಹೇಳುತ್ತಾಳೆ. ಕನ್ನಡದಲ್ಲೇ ಹೇಳಲು ಬಿಡಿ. ಉರ್ದು, ತೆಲುಗು ಬೆರೆಸಿದರೂ ಬಿಡಿ. ನೀವು ನೋಡುತ್ತಿರೋದು ಭಾಷೆ ಅಲ್ಲ, ಅವಳು ಕೆಲಸ ಮಾಡಿದ್ದಾಳಾ ಅನ್ನೋದು. ಅವಳ ನೋಟ್‌ಬುಕ್, ಕಚ್ಚಾ ಬರಹ, ಫೈಲ್‌ನ ಹಳೆಯ ಆವೃತ್ತಿ ಇದ್ದರೆ ಅದನ್ನೂ ನೋಡಿ. ಅರ್ಧಕ್ಕಿಂತ ಜಾಸ್ತಿ ಅಸೈನ್‌ಮೆಂಟ್‌ಗಳು ಒಂದೇ ಧಾಟಿಯಲ್ಲಿವೆ ಅಂದಿರಲ್ಲ, ಅವರೆಲ್ಲರೂ ಒಂದೇ ಗೈಡ್ ಅಥವಾ ನೀವೇ ಕೊಟ್ಟ ನೋಟ್ಸ್ ಇಟ್ಟುಕೊಂಡು ಬರೆದಿರಬಹುದು. ಅದನ್ನೂ ಒಮ್ಮೆ ಪರಿಶೀಲಿಸಿ.

ನಿಷೇಧದ ಪ್ರಶ್ನೆಗೆ ಬರುತ್ತೇನೆ. ಬೇಡ. 2025ರಲ್ಲಿ ಏರ್‌ಟೆಲ್ ಗ್ರಾಹಕರಿಗೆ ಪರ್ಪ್ಲೆಕ್ಸಿಟಿ ಪ್ರೊ ಅನ್ನುವ ಎಐ, ಜಿಯೊ ಗ್ರಾಹಕರಿಗೆ ಜೆಮಿನಿ ಪ್ರೊ ಉಚಿತವಾಗಿ ಬಂತು. ಜಿಯೊ ಅದನ್ನು ಮೊದಲು ಕೊಟ್ಟಿದ್ದೇ 18ರಿಂದ 25 ವಯಸ್ಸಿನವರಿಗೆ. ಅದೇ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಗೋ ಕೂಡ ಭಾರತದಲ್ಲಿ ಒಂದು ವರ್ಷ ಉಚಿತ ಅಂತ ಶುರುವಾಯಿತು. ಮಕ್ಕಳ ಮೊಬೈಲ್‌ಗೆ ರೀಚಾರ್ಜ್ ಜೊತೆಗೇ ಬಂದದ್ದನ್ನು ನೀವು ನೋಟಿಸ್ ಬೋರ್ಡ್‌ನಲ್ಲಿ ನಿಷೇಧಿಸಿದರೆ, ಹೇಳಿ ಬಳಸುವವರು ಹೇಳದೆ ಬಳಸುತ್ತಾರೆ. ನಿಯಮ ಪಾಲಿಸಿದ ಪ್ರಾಮಾಣಿಕ ಮಕ್ಕಳಿಗೆ ಮಾತ್ರ ನಷ್ಟ.

ಹಾಗಂತ ಎಲ್ಲಾ ಬಿಟ್ಟುಬಿಡಿ ಅಂತಲೂ ಅಲ್ಲ. ಗೆರೆ ಎಲ್ಲಿ ಎಳೆಯಬೇಕು ಅನ್ನೋದಕ್ಕೆ ನಾನು ಹೇಳೋದು ಒಂದೇ ಮಾತು. ಪ್ರತಿ ಅಸೈನ್‌ಮೆಂಟ್ ಕೊಡುವಾಗ ನಿಮ್ಮನ್ನು ನೀವೇ ಕೇಳಿಕೊಳ್ಳಿ: ಈ ಅಂಕ ನಾನು ಯಾವ ಕೆಲಸಕ್ಕೆ ಕೊಡುತ್ತಿದ್ದೇನೆ? ಆ ಕೆಲಸವನ್ನು ವಿದ್ಯಾರ್ಥಿಯೇ ಮಾಡಬೇಕು. ಉಳಿದದ್ದಕ್ಕೆ ಎಐ ಸಹಾಯ ತಗೊಂಡರೆ ತಪ್ಪಿಲ್ಲ, ತಗೊಂಡೆ ಅಂತ ಹೇಳಬೇಕು. ಇಂಗ್ಲಿಷ್ ತರಗತಿಯಲ್ಲಿ ಪ್ರಬಂಧ ಬರೆಸಿದರೆ ವಾಕ್ಯ ಕಟ್ಟೋದೇ ಕೆಲಸ, ಅಲ್ಲಿ ಎಐ ಬೇಡ. ನಿಮ್ಮ ವಾಣಿಜ್ಯ ವಿಭಾಗದ ಮಾರುಕಟ್ಟೆ ಅಧ್ಯಯನದಲ್ಲಿ ಮಾಹಿತಿ ಸಂಗ್ರಹ, ಲೆಕ್ಕ, ಅದರ ಮೇಲಿನ ತೀರ್ಮಾನ ಇವೇ ಕೆಲಸ. ಅಲ್ಲಿ ಇಂಗ್ಲಿಷ್ ವ್ಯಾಕರಣ ಎಐ ತಿದ್ದಿಕೊಟ್ಟರೆ ಏನೂ ಮುಳುಗಿಹೋಗಲ್ಲ. ಮನೆಯಲ್ಲಿ ಇಂಗ್ಲಿಷ್ ಹೇಳಿಕೊಡುವವರು ಇರುವ ಮಕ್ಕಳಿಗೆ ಆ ಸಹಾಯ ಯಾವಾಗಲೂ ಸಿಗುತ್ತಿತ್ತು. ಈಗ ರೀಲರ್ ಮಗಳಿಗೂ ಸಿಕ್ಕಿದೆ. ಅದನ್ನು ನಾವು ಕಿತ್ತುಕೊಳ್ಳಬಾರದು.

ನನಗೆ ನಿಜವಾಗಿ ಭಯ ಹುಟ್ಟಿಸೋದು ವ್ಯಾಕರಣ ಅಲ್ಲ, ಸುಳ್ಳು ಸಮೀಕ್ಷೆ. ಬಿ.ಕಾಂ, ಬಿಬಿಎ ಮಕ್ಕಳ ಪ್ರಾಜೆಕ್ಟ್‌ನಲ್ಲಿ 50 ಜನರನ್ನು, 100 ಜನರನ್ನು ಮಾತಾಡಿಸಿ ಅಂತ ಹೇಳುತ್ತೇವೆ. ಶಿಡ್ಲಘಟ್ಟದ 100 ರೀಲರ್‌ಗಳ ಸಾಲದ ಮೂಲದ ಬಗ್ಗೆ ಸಮೀಕ್ಷೆಯ ಕೋಷ್ಟಕ ಮಾಡಿಕೊಡು ಅಂತ ಎಐಗೆ ಹೇಳಿ ನೋಡಿ. ಬ್ಯಾಂಕ್ 42, ಸ್ವಸಹಾಯ ಸಂಘ 28, ಖಾಸಗಿ ಲೇವಾದೇವಿ 18, ನೆಂಟರು 12 ಅನ್ನುವ ಥರ ಅಚ್ಚುಕಟ್ಟಾದ ಕೋಷ್ಟಕ ಬರುತ್ತದೆ. ಕೂಡಿದರೆ ಸರಿಯಾಗಿ 100. ಕೆಳಗೆ ಪೈ ಚಾರ್ಟ್, ಅದರ ಕೆಳಗೆ ಸಲಹೆಗಳು. ಒಬ್ಬ ರೀಲರನ್ನೂ ಯಾರೂ ಕಂಡಿಲ್ಲ. ನಿಜವಾದ ಸಮೀಕ್ಷೆ ಹಾಗಿರಲ್ಲ ಅಂತ ನಿಮಗೆ ಗೊತ್ತು. ಗೂಡಿನ ಹರಾಜು ಮುಗಿದ ಮೇಲೆ ಬಾರಮ್ಮ ಅನ್ನುತ್ತಾರೆ. ಸಾಲದ ವಿಷಯ ಬಂದರೆ ಕೆಲವರು ಮಾತು ತಿರುಗಿಸುತ್ತಾರೆ. ಒಬ್ಬರೇ ಬ್ಯಾಂಕಿನಲ್ಲೂ ಮಾಡಿರುತ್ತಾರೆ, ಸಂಘದಲ್ಲೂ ಮಾಡಿರುತ್ತಾರೆ, ಅಂಗಡಿಯವರ ಹತ್ತಿರವೂ ಮಾಡಿರುತ್ತಾರೆ. ಹಾಗಾಗಿ ಕೂಡಿದರೆ 100 ದಾಟುತ್ತದೆ. ಉತ್ತರ ಕೊಡದವರ ಸಾಲು ಒಂದು ಇದ್ದೇ ಇರುತ್ತದೆ. ಇಂಥ ಗೋಜಲು ಒಂದೂ ಇಲ್ಲದ ಕೋಷ್ಟಕ ಕಂಡರೆ ನೀವು ನಿಲ್ಲಿಸಿ ಕೇಳಬೇಕು. ಸರ್ವೆ ಹಾಳೆಗಳನ್ನು ಪ್ರಾಜೆಕ್ಟ್ ಜೊತೆಗೇ ತರಿಸಿಕೊಳ್ಳಿ. 100 ಜನ ಬೇಡ, 15 ಜನ ಸಾಕು ಅನ್ನಿ. ಹದಿನೈದು ಜನರ ಹತ್ತಿರ ಕೂತು ಮಾತಾಡಿದ ಮಗು, 100ರ ಸುಳ್ಳು ಕೋಷ್ಟಕ ತಂದ ಮಗುವಿಗಿಂತ ಎಷ್ಟೋ ಜಾಸ್ತಿ ಕಲಿತಿರುತ್ತದೆ. ಮೂರ್ನಾಲ್ಕು ದಿನದಲ್ಲಿ 100 ಜನರನ್ನು ಮಾತಾಡಿಸು ಅನ್ನುವ ಆಗದ ಕೆಲಸ ಕೊಟ್ಟು ಮಕ್ಕಳನ್ನು ಸುಳ್ಳಿನ ಕಡೆ ತಳ್ಳುತ್ತಿರೋದು ನಾವೇ, ಇದನ್ನು ಕಾಲೇಜುಗಳು ಒಪ್ಪಿಕೊಳ್ಳಬೇಕು.

ಎಐ ಸುಳ್ಳು ಹುಟ್ಟಿಸದೆಯೂ ದಾರಿ ತಪ್ಪಿಸಬಹುದು. ನಮ್ಮ ಭಾಗದ್ದೇ ಒಂದು ಲೆಕ್ಕ ಹೇಳುತ್ತೇನೆ, ತರಗತಿಯಲ್ಲಿ ಮಕ್ಕಳಿಗೆ ಮಾಡಿ ತೋರಿಸಿ. 2001ರ ಜನಗಣತಿಯಲ್ಲಿ ಕೋಲಾರ ಜಿಲ್ಲೆಯ ಜನಸಂಖ್ಯೆ 25.36 ಲಕ್ಷ. 2011ರಲ್ಲಿ 15.36 ಲಕ್ಷ. ಎರಡೂ ಅಂಕಿ ನಿಜ. ಈ ಎರಡನ್ನು ಮಾತ್ರ ಕೊಟ್ಟು, ಹತ್ತು ವರ್ಷದಲ್ಲಿ ಕೋಲಾರದ ಜನಸಂಖ್ಯೆ ಯಾಕೆ ಹತ್ತು ಲಕ್ಷ ಇಳಿಯಿತು ಅಂತ ಎಐಯನ್ನು ಕೇಳಿ. ಬರ ಬಂತು, ಕೊಳವೆಬಾವಿ ಬತ್ತಿದವು, ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು, ಜನ ಬೆಂಗಳೂರಿಗೆ ಗುಳೆ ಹೋದರು ಅಂತ ನಂಬುವ ಹಾಗೆ ಕಾರಣ ಜೋಡಿಸಿಕೊಡಬಹುದು. ಒಂದೊಂದೂ ಬಿಡಿಬಿಡಿಯಾಗಿ ನಿಜದ ಸಂಗತಿಯೇ. ಆದರೆ ಉತ್ತರ ತಪ್ಪು. 2007ರಲ್ಲಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಗುಡಿಬಂಡೆ, ಬಾಗೇಪಲ್ಲಿ, ಶಿಡ್ಲಘಟ್ಟ, ಚಿಂತಾಮಣಿ ಈ ಆರು ತಾಲ್ಲೂಕುಗಳು ಕೋಲಾರದಿಂದ ಬೇರೆಯಾಗಿ ಹೊಸ ಜಿಲ್ಲೆ ಆಯಿತು. 2011ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಜನಸಂಖ್ಯೆ 12.55 ಲಕ್ಷ. ಎರಡನ್ನೂ ಕೂಡಿದರೆ 27.91 ಲಕ್ಷ. ಅಂದರೆ ಜನಸಂಖ್ಯೆ ಇಳಿದಿಲ್ಲ, ಎರಡೂವರೆ ಲಕ್ಷ ಏರಿದೆ. ಎಐ ಒಂದೊಂದು ಸಲ ಇದನ್ನು ಸರಿಯಾಗಿ ಹೇಳಲೂಬಹುದು. ಆದರೆ ಹೇಳಿದ್ದು ಸರಿಯೋ ತಪ್ಪೋ ಅಂತ ಗೊತ್ತಾಗಬೇಕಾದರೆ ನೋಡುವವರಿಗೆ ಜಿಲ್ಲೆ ಗೊತ್ತಿರಬೇಕು. ಹಳ್ಳಿ, ಹೋಬಳಿ ಮಟ್ಟದ ವಿಷಯದಲ್ಲಿ ಈ ಅಪಾಯ ಇನ್ನೂ ಜಾಸ್ತಿ. ಅಂತರ್ಜಾಲದಲ್ಲಿ ಕನ್ನಡ ಬರಹವೇ ಕಡಿಮೆ, ನಮ್ಮ ಊರುಗಳ ಬಗ್ಗೆ ಇನ್ನೂ ಕಡಿಮೆ. ಯಂತ್ರ ಓದಿರುವುದೇ ಅಷ್ಟು.

ಆಧಾರ ಗ್ರಂಥಗಳ ಪಟ್ಟಿಯಲ್ಲೂ ಇದೇ ಕಥೆ. ಇಲ್ಲದ ಲೇಖನಕ್ಕೆ ಲೇಖಕರ ಹೆಸರು, ವರ್ಷ, ಪುಟಸಂಖ್ಯೆ ಎಲ್ಲಾ ಬರೆದು ಕೊಡುತ್ತದೆ. ಅಮೆರಿಕದ ನ್ಯೂಯಾರ್ಕ್‌ನಲ್ಲಿ 2023ರಲ್ಲಿ ವಕೀಲರೊಬ್ಬರು ಒಂದು ವಿಮಾನ ಕಂಪನಿ ವಿರುದ್ಧದ ಕೇಸಿನಲ್ಲಿ ಚಾಟ್‌ಜಿಪಿಟಿ ಕೊಟ್ಟ ತೀರ್ಪುಗಳನ್ನು ಹಾಗೇ ಹಾಕಿದ್ದರು. ಅಂಥ ತೀರ್ಪುಗಳೇ ಇರಲಿಲ್ಲ. ಕೋರ್ಟ್ 5,000 ಡಾಲರ್ ದಂಡ ಹಾಕಿತು. ಇದರಲ್ಲಿ ಗಮನಿಸಬೇಕಾದದ್ದು ಒಂದಿದೆ. ಆ ವಕೀಲರು ಇದು ನಿಜವಾದ ಕೇಸಾ ಅಂತ ಚಾಟ್‌ಜಿಪಿಟಿಯನ್ನೇ ಕೇಳಿದ್ದರು. ಹೌದು ಅಂದಿತ್ತು. ಹಾಗಾಗಿ ಎಐ ಹೇಳಿದ್ದನ್ನು ಎಐ ಹತ್ತಿರವೇ ಖಾತ್ರಿ ಮಾಡಿಕೊಳ್ಳಬಾರದು ಅಂತ ಮಕ್ಕಳಿಗೆ ಹೇಳಿ. ಲೇಖನದ ಹೆಸರನ್ನು ಗೂಗಲ್ ಸ್ಕಾಲರ್‌ನಲ್ಲಿ ಹುಡುಕಲಿ. ಲೈಬ್ರರಿಯನ್ ಹತ್ತಿರ ಕೇಳಲಿ. ಜಿಲ್ಲೆಯ ಅಂಕಿಗಳನ್ನು ಜನಗಣತಿ ಪುಸ್ತಕದಲ್ಲಿ ನೋಡಲಿ. ಗೂಡಿನ ಬೆಲೆ ಬೇಕಾದರೆ ಮಾರುಕಟ್ಟೆ ನಿಮ್ಮೂರಿನಲ್ಲೇ ಇದೆ. ಪಟ್ಟಿಯಲ್ಲಿ ಹಾಕಿದ ಪ್ರತಿಯೊಂದನ್ನೂ ತಾನು ತೆರೆದು ನೋಡಿದ್ದೇನೆ ಅನ್ನೋ ಹಾಗಿರಬೇಕು.

ಒಳ್ಳೆಯ ಬಳಕೆಯನ್ನೂ ನೀವೇ ತೋರಿಸಿಕೊಡಬೇಕು. ನಮ್ಮ ಮಕ್ಕಳಿಗೆ ತರಗತಿಯಲ್ಲಿ ಕೈ ಎತ್ತಿ ಕೇಳಲು ಸಂಕೋಚ. ಅದೇ ಪ್ರಶ್ನೆಯನ್ನು ರಾತ್ರಿ ಹತ್ತು ಗಂಟೆಗೆ ಮೊಬೈಲ್‌ನಲ್ಲಿ ಹತ್ತು ಸಲ ಕೇಳಬಹುದು. ಉತ್ತರ ಬರೆದುಕೊಡು ಅನ್ನೋ ಬದಲು ಹೀಗೆ ಕೇಳಲು ಕಲಿಸಿ: 'ನಾನು ಬಿ.ಕಾಂ ವಿದ್ಯಾರ್ಥಿನಿ. 80,000 ರೂಪಾಯಿಯ ರೀಲಿಂಗ್ ಮಷೀನ್‌ಗೆ ವರ್ಷಕ್ಕೆ ಶೇ 10ರಂತೆ ಡಬ್ಲ್ಯುಡಿವಿ ವಿಧಾನದಲ್ಲಿ ಸವಕಳಿ ಲೆಕ್ಕ ಹಾಕಿದ್ದೇನೆ. ಮೂರೂ ವರ್ಷಕ್ಕೆ 8,000 ಬಂದಿದೆ. ಸರಿ ಉತ್ತರ ಹೇಳಬೇಡ. ನಾನು ಎಲ್ಲಿ ತಪ್ಪಿದ್ದೇನೆ ಅಂತ ಕನ್ನಡದಲ್ಲಿ ಸುಳಿವು ಮಾತ್ರ ಕೊಡು.' ಡಬ್ಲ್ಯುಡಿವಿ ಅಂದರೆ ಹಿಂದಿನ ವರ್ಷದ ಸವಕಳಿ ಕಳೆದು ಉಳಿದ ಮೊತ್ತದ ಮೇಲೆ ಲೆಕ್ಕ ಹಾಕುವ ವಿಧಾನ. ಎರಡನೇ ವರ್ಷ ಯಾವ ಮೊತ್ತದ ಮೇಲೆ ಲೆಕ್ಕ ಹಾಕಬೇಕು ಅಂತ ಅದು ತಿರುಗಿ ಕೇಳುತ್ತದೆ. ಅವಳೇ ಮತ್ತೆ ಮಾಡಿದಾಗ 8,000, 7,200, 6,480 ಬರುತ್ತದೆ. ಇಲ್ಲಿ ಪೆನ್ನು ಅವಳ ಕೈಯಲ್ಲೇ ಇದೆ. ಲೆಕ್ಕದಲ್ಲಿ ಎಐ ಕೂಡ ಎಡವುತ್ತದೆ, ಕ್ಯಾಲ್ಕುಲೇಟರ್ ಪಕ್ಕದಲ್ಲಿರಲಿ.

ಇನ್ನು ಹೇಳಿ ಬಳಸೋದು ಅಂದರೇನು? ಅಸೈನ್‌ಮೆಂಟ್‌ನ ಕೊನೆಯ ಪುಟದಲ್ಲಿ ನಾಲ್ಕು ಸಾಲು. ಉದಾಹರಣೆಗೆ: 'ವಿಷಯ ಅರ್ಥ ಮಾಡಿಕೊಳ್ಳಲು ಜೆಮಿನಿಯನ್ನು ಕನ್ನಡದಲ್ಲಿ ಕೇಳಿದೆ. ಮೂರನೇ ಭಾಗದ ಇಂಗ್ಲಿಷ್ ವ್ಯಾಕರಣವನ್ನು ಚಾಟ್‌ಜಿಪಿಟಿಯಲ್ಲಿ ತಿದ್ದಿಸಿದೆ. ರೀಲರ್‌ಗಳ ಮಾತು, ಬೆಲೆ, ಲೆಕ್ಕ ನಾನೇ ಸಂಗ್ರಹಿಸಿದ್ದು. ಜನಗಣತಿ ಅಂಕಿಗಳನ್ನು ಮೂಲದಲ್ಲಿ ನೋಡಿದ್ದೇನೆ.' ಇಷ್ಟು ಬರೆದವರಿಗೆ ಅಂಕ ಕಳೆಯಬೇಡಿ. ಒಂದು ಸಲ ಕಳೆದರೂ ಮುಂದಿನ ಸಲ ಯಾರೂ ಬರೆಯಲ್ಲ.

ನಿಮ್ಮ ಬಳಕೆಯ ಬಗ್ಗೆ ಕೇಳಿದ್ದೀರಿ. ನೋಟ್ಸ್‌ಗೆ ಬಳಸೋದು ತಪ್ಪಲ್ಲ. ಅತಿಥಿ ಉಪನ್ಯಾಸಕರ ಮೇಲೆ ಎಷ್ಟು ಕೆಲಸ ಬೀಳುತ್ತದೆ ಅಂತ ನನಗೆ ಗೊತ್ತು. ಆದರೆ ಮಕ್ಕಳ ಕೈಗೆ ಹೋಗುವ ಮುಂಚೆ ಪ್ರತಿ ಸಾಲು ನೀವು ಓದಿರಬೇಕು, ಕೆಳಗೆ ಎಐ ಸಹಾಯ ಪಡೆದಿದೆ ಅಂತ ನೀವೂ ಬರೆಯಬೇಕು. ಮಕ್ಕಳಿಗೊಂದು ನಿಯಮ, ನಮಗೊಂದು ನಿಯಮ ಆಗಬಾರದು. ಅಭ್ಯಾಸದ ಪ್ರಶ್ನೆ ತಯಾರಿಸಲು ಧಾರಾಳವಾಗಿ ಬಳಸಿ. ಪರೀಕ್ಷೆಗೆ ಹೋಗುವ ಗುಟ್ಟಿನ ಪ್ರಶ್ನೆಪತ್ರಿಕೆಯನ್ನು ಮಾತ್ರ ಯಾವ ಕಾರಣಕ್ಕೂ ಅದರೊಳಗೆ ಹಾಕಬೇಡಿ. ಮೌಲ್ಯಮಾಪನವನ್ನೂ ಅದಕ್ಕೆ ಬಿಡಬೇಡಿ. ಕಷ್ಟಪಟ್ಟು ಬರೆದ ಉತ್ತರವನ್ನು ಒಬ್ಬ ಮೇಷ್ಟ್ರು ಓದುತ್ತಾರೆ ಅನ್ನೋ ನಂಬಿಕೆಯ ಮೇಲೆ ಆ ಮಗು ಬರೆದಿರುತ್ತದೆ.

ಕಾಲೇಜು ಕಚೇರಿಗೂ ಒಂದು ಮಾತು ಸೇರಿಸಿ. ಮಕ್ಕಳ ಅಂಕಪಟ್ಟಿ, ಆಧಾರ್, ಜಾತಿ-ಆದಾಯ ಪ್ರಮಾಣಪತ್ರ, ಫೋನ್ ನಂಬರ್ ಇರುವ ಎಕ್ಸೆಲ್ ಶೀಟನ್ನು ಉಚಿತ ಎಐಗೆ ಹಾಕಿ ಪಟ್ಟಿ ಮಾಡಿಸೋದು ಕೆಲವು ಕಡೆ ಶುರುವಾಗಿದೆ. ಇದು ನಿಲ್ಲಬೇಕು. ಹಲವು ಎಐ ಸೇವೆಗಳಲ್ಲಿ, ಸೆಟ್ಟಿಂಗ್‌ನಲ್ಲಿ ನೀವಾಗಿ ಆಫ್ ಮಾಡದಿದ್ದರೆ, ಹಾಕಿದ್ದನ್ನು ಮಾದರಿಯ ತರಬೇತಿಗೆ ಬಳಸಿಕೊಳ್ಳುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಕೇಂದ್ರ ಹಣಕಾಸು ಸಚಿವಾಲಯ 2025ರಲ್ಲೇ ಕಚೇರಿ ಕಂಪ್ಯೂಟರ್‌ಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್ ಬಳಸಬೇಡಿ ಎಂದು ತನ್ನ ಸಿಬ್ಬಂದಿಗೆ ಹೇಳಿತು. ಮಕ್ಕಳು ನಂಬಿ ಕೊಟ್ಟ ಕಾಗದಗಳಿಗೂ ಅಷ್ಟೇ ಕಾಳಜಿ ಬೇಕು. ಸಹಪಾಠಿಗಳ ಫೋಟೊ ಹಾಕಿ ನಕಲಿ ಚಿತ್ರ ಮಾಡೋದನ್ನು ಮಾತ್ರ ತಮಾಷೆ ಅಂತ ಬಿಡಲೇಬೇಡಿ. ಅಶ್ಲೀಲ ಚಿತ್ರ ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಸೆಕ್ಷನ್ ಪ್ರಕಾರ ಅಪರಾಧ. ನಿಯಮದಲ್ಲಿ ಇದಕ್ಕೆ ಬೇರೆಯೇ ಸಾಲು ಇರಲಿ.

ಬರೆಯುವಾಗ ಒಂದು ಪುಟ ಮೀರಬೇಡಿ, ಕನ್ನಡದಲ್ಲಿ ಬರೆಯಿರಿ. ನೀವೊಬ್ಬರೇ ಕೂರಬೇಡಿ. ಲೈಬ್ರರಿಯನ್, ಬೇರೆ ವಿಭಾಗದ ಒಬ್ಬರು, ಇಬ್ಬರು ವಿದ್ಯಾರ್ಥಿಗಳು ಜೊತೆಗಿರಲಿ, ಅದರಲ್ಲಿ ಒಬ್ಬರು ಹಳ್ಳಿಯಿಂದ ಬಸ್ಸಿನಲ್ಲಿ ಬರುವ, ಸ್ವಂತ ಮೊಬೈಲ್ ಇಲ್ಲದ ಮಗು ಆದರೆ ಒಳ್ಳೆಯದು. ಎಐ ಬಳಸಲೇಬೇಕಾದ ಅಸೈನ್‌ಮೆಂಟ್ ಕೊಟ್ಟರೆ ಅವರಿಗೆ ಕಾಲೇಜಿನ ಕಂಪ್ಯೂಟರ್ ಎಷ್ಟು ಹೊತ್ತಿಗೆ ಸಿಗುತ್ತದೆ ಅಂತ ಬರೆಯಿರಿ. ಪ್ರತಿ ಅಸೈನ್‌ಮೆಂಟ್ ಮೇಲೆ ಎಐ ಬೇಡ, ಇಷ್ಟಕ್ಕೆ ಮಾತ್ರ, ಅಥವಾ ಬಳಸಬಹುದು ಅಂತ ಅಧ್ಯಾಪಕರೇ ನಮೂದಿಸಬೇಕು. ಪತ್ತೆ ಸಾಧನದ ಪರ್ಸೆಂಟ್ ಒಂದನ್ನೇ ಇಟ್ಟುಕೊಂಡು ಯಾರ ಅಂಕವನ್ನೂ ಕಡಿಮೆ ಮಾಡುವಂತಿಲ್ಲ, ಅನುಮಾನ ಬಂದರೆ ಮೊದಲು ಮಾತಾಡಿಸಬೇಕು, ಒಪ್ಪಿಗೆ ಆಗದಿದ್ದರೆ ಬೇರೆ ಅಧ್ಯಾಪಕರೊಬ್ಬರು ನೋಡಬೇಕು ಅಂತ ಸೇರಿಸಿ. ಈ ಸೆಮಿಸ್ಟರ್‌ನಲ್ಲಿ ಈಗಾಗಲೇ ಬಂದಿರುವ ಅಸೈನ್‌ಮೆಂಟ್‌ಗಳಿಗೆ ಈ ನಿಯಮ ಹಾಕಬೇಡಿ, ಮುಂದೆ ಕೊಡುವುದರಿಂದ ಶುರು ಮಾಡಿ.